ಪುಸ್ತಕ ಬದಲಾದರೆ ಆಟ ಬದಲಾಗುತ್ತಾ?

ಇವತ್ತು ರಾಜಕೀಯ ಬೇಡ, ಆಟದ ಬಗ್ಗೆ ಮಾತಾಡೋಣ. ಆಟ ಅಂದ ತಕ್ಷಣ ಕ್ರಿಕೆಟ್ ಅಂದ್ಕೋಬೇಡಿ. ನಿಮ್ಮಲ್ಲಿ ಬಹಳ ಜನ ಹೆಸರೇ ಕೇಳಿರದ ಒಂದು ಆಟ, ಮತ್ತು ಹಾವೇರಿ ಜಿಲ್ಲೆಯ ಮಕ್ಕಳಿಗೂ ಗೊತ್ತಿರೋ ಇನ್ನೊಂದು ಆಟ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲು ಒಂದು ಪ್ರಶ್ನೆ. ಮನೆಯಲ್ಲಿ ಚೌಕಾಬಾರ ಆಡ್ತಾ ಕೂತಿದ್ದೀರಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದೈದು ಮನೆ ಬರೆದಾಗಿದೆ, ಕೈಯಲ್ಲಿ ನಾಲ್ಕು ಕವಡೆ. ಆಟ ಅರ್ಧಕ್ಕೆ ಬಂದಿದೆ. ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಬಂದು ನಿಲ್ತಾನೆ. "ಇವತ್ತಿನಿಂದ ನಿಯಮ ಬದಲಾಗಿದೆ. ಎಂಟು ಬಿದ್ದರೂ ಇನ್ನೊಂದು ಸಲ ಕವಡೆ ಹಾಕುವಂತಿಲ್ಲ. ಹೊಸ ಪುಸ್ತಕ ತಂದಿದ್ದೀನಿ, ದುಡ್ಡು ಕೊಟ್ಟು ತಗೊಳ್ಳಿ" ಅಂತಾನೆ. ನೀವೇನು ಮಾಡ್ತೀರಿ? ಉತ್ತರ ಕರ್ನಾಟಕದ ಅಜ್ಜಿಯಾದರೆ ತಲೆಯೂ ಎತ್ತದೆ, "ಯಾವೂರಾಂವಪಾ ನೀ?" ಅಂತ ಒಂದೇ ಮಾತು ಕೇಳಿ, ಮುಂದಿನ ಕವಡೆ ಹಾಕ್ತಾಳೆ.

ನಗಬೇಡಿ. ಇದೇ ಪ್ರಶ್ನೆ ಅಮೆರಿಕದ ಒಂದು ದೊಡ್ಡ ಕಂಪನಿಯನ್ನು ಅಲುಗಾಡಿಸಿದೆ. ಅದೇ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟ್‌ನ ಐದು ನ್ಯಾಯಮೂರ್ತಿಗಳ ಮುಂದೆಯೂ ಹೋಗಿ ಬಂದಿದೆ. ಆಟದ ನಿಯಮ ಯಾರದ್ದು? ಬರೆದವರದ್ದಾ, ಆಡುವವರದ್ದಾ?

ಮೊದಲನೇ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಣ್ಣ ಊರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಹೊರತಂದ ಆಟ. ಮೊದಲ ಮುದ್ರಣ ಬರೀ 1000 ಪ್ರತಿ. ಆಡೋದು ಹೇಗೆ? ನಾಲ್ಕೈದು ಜನ ಮೇಜಿನ ಸುತ್ತ ಕೂರ್ತಾರೆ. ಪ್ರತಿಯೊಬ್ಬರದ್ದೂ ಒಂದೊಂದು ಪಾತ್ರ: ಒಬ್ಬ ಯೋಧ, ಒಬ್ಬಳು ಮಂತ್ರವಾದಿ, ಒಬ್ಬ ಕಳ್ಳ. ಇನ್ನೊಬ್ಬರು ಕತೆ ನಡೆಸ್ತಾರೆ. "ನಿಮ್ಮ ಮುಂದೆ ಗುಹೆ ಇದೆ, ಒಳಗಿಂದ ಸದ್ದು ಬರ್ತಿದೆ, ಏನು ಮಾಡ್ತೀರಿ?" ಅಂತ ಅವರು ಕೇಳ್ತಾರೆ. ನೀವು ಹೇಳಿದ್ದು ನಡೆಯುತ್ತೋ ಇಲ್ಲವೋ ಅನ್ನೋದನ್ನ 20 ಮುಖದ ದಾಳ ಹೇಳುತ್ತೆ. ಅಷ್ಟೇ ಆಟ. ಕ್ಯಾಮೆರಾ ಇಲ್ಲ, ಸ್ಕ್ರೀನ್ ಇಲ್ಲ. ಮಾತು, ಕಲ್ಪನೆ, ದಾಳ.

ವಿದೇಶಿ ಆಟ ಅನ್ನಿಸ್ತಾ? ಹಾಗಾದರೆ ಹಾನಗಲ್ಲಿಗೆ ಬನ್ನಿ. ಹಾನಗಲ್ಲೇ ವಿರಾಟನಗರ ಅಂತ ಆ ಊರಿನವರು ತಲೆತಲಾಂತರದಿಂದ ನಂಬಿದ್ದಾರೆ. ಮಹಾಭಾರತದ ಅಜ್ಞಾತವಾಸ ನೆನಪಿಸಿಕೊಳ್ಳಿ. ಧರ್ಮರಾಯ ಕಂಕಭಟ್ಟ ಆದ. ಭೀಮ ಅಡುಗೆಮನೆಯ ವಲಲ ಆದ. ಅರ್ಜುನ ಬೃಹನ್ನಳೆ ಆಗಿ ನಾಟ್ಯ ಕಲಿಸಿದ. ನಕುಲ ಕುದುರೆ ಲಾಯಕ್ಕೆ, ಸಹದೇವ ದನಗಳ ಕೊಟ್ಟಿಗೆಗೆ, ದ್ರೌಪದಿ ಸೈರಂಧ್ರಿಯಾಗಿ ರಾಣೀವಾಸಕ್ಕೆ. ಆರು ಜನ, ಆರು ಪಾತ್ರ, ಒಂದು ವರ್ಷ. ನಿಯಮ ಒಂದೇ: ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಜೊತೆಗೆ ದಾಳವೂ ಇತ್ತು; ವಿರಾಟ ಸಿಟ್ಟಿನಲ್ಲಿ ಕಂಕಭಟ್ಟನ ಮುಖಕ್ಕೆ ಬೀಸಿದ್ದು ಅದೇ ಪಗಡೆಯ ದಾಳ. ಪಾತ್ರ ಹೊತ್ತು, ನಿಯಮಕ್ಕೆ ಕಟ್ಟುಬಿದ್ದು, ದಾಳಕ್ಕೆ ತಲೆಬಾಗುವ ಕತೆ ನಮಗೆ ಹೊಸದಲ್ಲ. ರಾತ್ರಿಯಿಡೀ ದೊಡ್ಡಾಟ ನೋಡಿ ಬೆಳೆದ ಊರುಗಳಿವು.

ಈಗ ವಿಷಯಕ್ಕೆ ಬರೋಣ. ಈ ಆಟಕ್ಕೆ 2024ರಲ್ಲಿ 50 ವರ್ಷ ತುಂಬಿತು. ಅದೇ ಸಮಯಕ್ಕೆ ಕಂಪನಿ ನಿಯಮಗಳ ಹೊಸ ಪುಸ್ತಕ ತಂದಿತು. ಸೆಪ್ಟೆಂಬರ್‌ನಲ್ಲಿ ಆಟಗಾರರ ಕೈಪಿಡಿ, ನವೆಂಬರ್‌ನಲ್ಲಿ ಕತೆ ನಡೆಸುವವರ ಕೈಪಿಡಿ, 2025ರ ಫೆಬ್ರವರಿಯಲ್ಲಿ ರಾಕ್ಷಸರ ಪುಸ್ತಕ. ಮೂರು ದಪ್ಪ ಪುಸ್ತಕ. ಇದನ್ನು ಹೊಸ ಆವೃತ್ತಿ ಅಂತ ಕರೆಯಲಿಕ್ಕೂ ಕಂಪನಿ ಹಿಂಜರಿಯಿತು. ಪರಿಷ್ಕರಣೆ ಅಷ್ಟೇ, ಹಳೇ ಪುಸ್ತಕಗಳ ಜೊತೆಗೂ ಹೊಂದುತ್ತೆ ಅಂದಿತು. ನಾನು ಎಂಜಿನಿಯರಿಂಗ್ ಓದಿದ್ದರಿಂದ ಈ ಮಾತು ಕೇಳಿದರೆ ನಗು ಬರುತ್ತೆ. ಪ್ರತಿ ಸಾಫ್ಟ್‌ವೇರ್ ಅಪ್‌ಡೇಟ್‌ಗೂ ಇದೇ ಭರವಸೆ ಇರುತ್ತೆ. ಮರುದಿನ ಬೆಳಿಗ್ಗೆ ಆಫೀಸಿನ ಪ್ರಿಂಟರ್ ಓಡೋದಿಲ್ಲ.

ಯಾಕೆ ಹಿಂಜರಿದರು? ಹಿಂದೆ ಸುಟ್ಟುಕೊಂಡಿದ್ದರು, ಅದಕ್ಕೆ. 2000ದಲ್ಲಿ ಮೂರನೇ ಆವೃತ್ತಿ ಬಂತು. ಮೂರೇ ವರ್ಷಕ್ಕೆ, 2003ರಲ್ಲಿ, ಅದನ್ನು ತಿದ್ದಿ ಮತ್ತೆ ಪುಸ್ತಕ ಮಾರಿದರು. ಮೊನ್ನೆ ತಾನೇ ದುಡ್ಡು ಕೊಟ್ಟವರು ಗೊಣಗಿದರು, ಗೊಣಗುತ್ತಲೇ ಕೊಂಡರು. 2008ರಲ್ಲಿ ನಾಲ್ಕನೇ ಆವೃತ್ತಿ. ಈ ಸಲ ಆಟದ ಲೆಕ್ಕಾಚಾರವೇ ಬೇರೆ. "ಇದು ನಮ್ಮ ಆಟ ಅಲ್ಲ, ಕಂಪ್ಯೂಟರ್ ಗೇಮ್ ತಂದು ಮೇಜಿನ ಮೇಲಿಟ್ಟಂಗಿದೆ" ಅಂತ ಹಳೇ ಆಟಗಾರರಲ್ಲಿ ಒಂದು ದೊಡ್ಡ ಗುಂಪು ಎದ್ದು ಹೊರಟಿತು. ಎಲ್ಲಿಗೆ ಹೋಯಿತು? 2009ರಲ್ಲಿ ಪೈಜೋ ಅನ್ನೋ ಇನ್ನೊಂದು ಕಂಪನಿ, ಹಳೇ ನಿಯಮಗಳನ್ನೇ ಆಧಾರ ಮಾಡಿಕೊಂಡು ಪಾತ್‌ಫೈಂಡರ್ ಅಂತ ಬೇರೆ ಆಟ ತಂದಿತು. ಜನ ಅದನ್ನ ಅಪ್ಪಿಕೊಂಡರು. ಮೂಲ ಆಟದ ಕಂಪನಿಗೆ ತನ್ನದೇ ಹಳೇ ನಿಯಮ ಎದುರಾಳಿಯಾಗಿ ನಿಂತಿತು.

ಪಾಠ ಕಲಿತರಾ? ಸ್ವಲ್ಪ ಕಲಿತರು. ಐದನೇ ಆವೃತ್ತಿಗೆ ಮೊದಲು ಎರಡು ವರ್ಷ ಕರಡು ನಿಯಮಗಳನ್ನ ಆಟಗಾರರಿಗೇ ಕೊಟ್ಟು ಆಡಿಸಿ ನೋಡಿದರು. 1,75,000ಕ್ಕೂ ಹೆಚ್ಚು ಜನ ಆ ಪರೀಕ್ಷೆಯಲ್ಲಿ ಕೈಜೋಡಿಸಿದರು ಅಂತ ಕಂಪನಿಯೇ ಹೇಳಿತು. 2014ರಲ್ಲಿ ಬಂದ ಆ ಆವೃತ್ತಿ ದೊಡ್ಡ ಯಶಸ್ಸು ಕಂಡಿತು. ಕೇಳಿ ಮಾಡಿದ್ದರು, ಗೆದ್ದರು.

ಆದರೆ ಗೆದ್ದವರಿಗೆ ಮರೆವು ಜಾಸ್ತಿ. 2023ರ ಜನವರಿಯಲ್ಲಿ ಇನ್ನೊಂದು ರಾದ್ಧಾಂತ. ಈ ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಿ ತಮ್ಮ ಕತೆ, ತಮ್ಮ ಪುಸ್ತಕ ಪ್ರಕಟಿಸಬಹುದು ಅನ್ನೋ ಮುಕ್ತ ಪರವಾನಗಿಯನ್ನ 2000ದಲ್ಲೇ ಕೊಟ್ಟಿದ್ದರು. ಅದನ್ನ ವಾಪಸ್ ತಗೊಂಡು, ಹೊಸ ಷರತ್ತು ಹಾಕಿ, ಹೆಚ್ಚು ಗಳಿಸುವವರಿಂದ ಪಾಲು ಕೇಳುವ ಕರಡು ಹೊರಬಿತ್ತು. ಆಟಗಾರರು ಸಿಡಿದೆದ್ದರು. ಕಂಪನಿಯ ಆನ್‌ಲೈನ್ ಸೇವೆಗೆ ತಿಂಗಳು ತಿಂಗಳು ಕಟ್ಟುತ್ತಿದ್ದ ಚಂದಾ ರದ್ದು ಮಾಡಿದರು. ಕೊನೆಗೆ ಕಂಪನಿ ಅಭಿಪ್ರಾಯ ಕೇಳಿತು. 15,000ಕ್ಕೂ ಹೆಚ್ಚು ಉತ್ತರ ಬಂದವು. ನೂರಕ್ಕೆ 88 ಜನ, ಈ ಹೊಸ ಪರವಾನಗಿಯಡಿ ನಾವು ಏನನ್ನೂ ಪ್ರಕಟಿಸೋದಿಲ್ಲ ಅಂದರು. ಆ ಜನವರಿ ಮುಗಿಯೋದರೊಳಗೆ ಕಂಪನಿ ಸೋಲೊಪ್ಪಿತು. ಮೂಲ ನಿಯಮಗಳನ್ನ ಇನ್ನು ಯಾವತ್ತೂ ವಾಪಸ್ ತಗೊಳ್ಳೋಕೆ ಆಗದ ರೀತಿಯಲ್ಲಿ ಜನರಿಗೆ ಬಿಟ್ಟುಕೊಟ್ಟಿತು. ಆಟಗಾರರು ಕಂಪನಿಯ ಕೈ ತಿರುಚಿದ ಅಪರೂಪದ ಪ್ರಸಂಗ ಇದು.

2024ರಲ್ಲೂ ಹಳೇ ಚಾಳಿ ಇಣುಕಿತು. ಆಟಗಾರರು ಆನ್‌ಲೈನ್‌ನಲ್ಲಿ ತಮ್ಮ ಪಾತ್ರದ ಹಾಳೆ ಇಟ್ಟುಕೊಂಡಿರ್ತಾರೆ. ಅದರಲ್ಲಿನ ಹಳೇ ಮಂತ್ರಗಳ ಜಾಗದಲ್ಲಿ ತಾನೇ ಹೊಸ ಮಂತ್ರ ತುಂಬಿಸ್ತೀನಿ ಅಂತ ಕಂಪನಿ ಆಗಸ್ಟ್‌ನಲ್ಲಿ ಹೇಳಿತು. ದುಡ್ಡು ಕೊಟ್ಟು ಕೊಂಡ ಪುಸ್ತಕದ ಅಕ್ಷರವನ್ನ ಅಂಗಡಿಯವನು ರಾತ್ರಿ ಮನೆಗೆ ಬಂದು ಅಳಿಸಿ ಹೋದಂಗೆ. ಗದ್ದಲ ಆಯ್ತು. ಕೆಲವೇ ದಿನಗಳಲ್ಲಿ ತೀರ್ಮಾನ ವಾಪಸ್.

ಹಾಗಾದರೆ ಹೊಸ ಪುಸ್ತಕಕ್ಕೆ ಆಟಗಾರರ ಪ್ರತಿಕ್ರಿಯೆ ಏನು? ನಾಲ್ಕು ಥರ ಜನ ಕಾಣ್ತಾರೆ. ಒಬ್ಬರು, ಹೊಸದು ಬಂತಾ, ಕೊಡಿ ಅಂತ ಸಾಲಲ್ಲಿ ನಿಂತವರು. ಇವರಿಗೆ ಹೊಸ ನಿಯಮ ಸಲೀಸು, ಓದೋಕೆ ಸುಲಭ, ಯೋಧನ ಪಾತ್ರಕ್ಕೂ ಈಗ ಹೊಡೆಯೋದು ಬಿಟ್ಟು ಬೇರೆ ಕೆಲಸ ಇದೆ ಅಂತ ಖುಷಿ. ಎರಡನೆಯವರು ಸಿಟ್ಟಾದವರು. ಅರ್ಧ ಎಲ್ಫ್, ಅರ್ಧ ಆರ್ಕ್ ಅನ್ನೋ ಮಿಶ್ರ ಕುಲದ ಪಾತ್ರಗಳು ಹೊಸ ಕೈಪಿಡಿಯಿಂದ ಮಾಯ. ವರ್ಷಗಟ್ಟಲೆ ಅದೇ ಪಾತ್ರ ಆಡಿದವರಿಗೆ, ನಮ್ಮ ಮನೆಯವರ ಹೆಸರನ್ನ ರೇಷನ್ ಕಾರ್ಡಿಂದ ತೆಗೆದಂಗೆ ಆಯ್ತು. ಮೂರನೆಯವರು, ನಿಮ್ಮ ಪುಸ್ತಕ ನಿಮಗೆ, ನಮ್ಮ ಹಳೇ ಪುಸ್ತಕ ನಮಗೆ ಅಂದವರು. ನಾಲ್ಕನೆಯವರು ಸದ್ದು ಮಾಡದವರು. ಹೊಸದರಲ್ಲಿ ಚೆನ್ನಾಗಿರೋದನ್ನ ತಗೊಂಡು, ಬೇಡದ್ದನ್ನ ಬಿಟ್ಟು, ಹಳೇದರ ಜೊತೆ ಬೆರೆಸಿ ಆಡುವವರು. ನಮ್ಮಲ್ಲಿ ಇದಕ್ಕೊಂದು ಹೆಸರಿದೆ: ನಮ್ಮೂರ ಪದ್ಧತಿ. ಚೌಕಾಬಾರದಲ್ಲಿ ಎದುರಿನವರ ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದಾ? ಒಂದು ಮನೆಯಲ್ಲಿ ಹೋಗಬಹುದು, ಪಕ್ಕದ ಮನೆಯಲ್ಲಿ ಹೋಗಂಗಿಲ್ಲ. ಯಾವ ಪುಸ್ತಕ ನೋಡಿ ತೀರ್ಮಾನ ಮಾಡಿದರು? ಪುಸ್ತಕವೇ ಇಲ್ಲ. ಕೂತವರು ಒಪ್ಪಿದ್ದೇ ನಿಯಮ.

ಇಲ್ಲಿಗೆ ಒಂದು ಮಾತು ಸ್ಪಷ್ಟ ಆಯ್ತು. ಆಟದ ನಿಯಮ ಬದುಕೋದು ಆಡುವವರ ಒಪ್ಪಿಗೆಯಲ್ಲಿ. ಪುಸ್ತಕ ಬರೀ ದಾಖಲೆ. ಬಾಗಿಲು ಹಾಕಿಕೊಂಡು ಹಳೇ ಆವೃತ್ತಿ ಆಡುವವರನ್ನ ಯಾವ ಕಂಪನಿಯೂ ತಡೆಯೋಕಾಗಲ್ಲ.

ಈಗ ಎರಡನೇ ಆಟ. ದೀಪಾವಳಿ ಹತ್ತಿರ ಬರ್ತಿದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಈಗಾಗಲೇ ಹೋರಿಗಳಿಗೆ ತಾಲೀಮು ನಡೆದಿರುತ್ತೆ. ಬೇರೆ ಜಿಲ್ಲೆಯವರಿಗಾಗಿ ಎರಡು ಮಾತು. ಹೋರಿ ಹಬ್ಬ, ಅಂದ್ರೆ ಕೊಬ್ಬರಿ ಹೋರಿ ಓಡಿಸೋದು. ಹೋರಿಯ ಕೊರಳಿಗೆ ಒಣ ಕೊಬ್ಬರಿಯ ಸರ, ಮೈಮೇಲೆ ಝೂಲಾ, ಕೊಂಬಿಗೆ ರಿಬ್ಬನ್ನು, ಬಲೂನು. ಎರಡೂ ಬದಿ ಜನ, ನಡುವೆ ದಾರಿ. ಹೋರಿ ಬಿಟ್ಟ ತಕ್ಷಣ ಅದು ಆ ದಾರಿಯಲ್ಲಿ ನುಗ್ಗುತ್ತೆ. ಹುಡುಗರು ಮೇಲೆ ಬಿದ್ದು ಕೊಬ್ಬರಿ ಕಿತ್ತುಕೊಳ್ಳೋಕೆ ನೋಡ್ತಾರೆ. ಕಿತ್ತರೆ ಹುಡುಗ ಗೆದ್ದ. ಯಾರ ಕೈಗೂ ಸಿಗದೆ ಕೊಬ್ಬರಿ ಉಳಿಸಿಕೊಂಡು ಓಡಿಬಿಟ್ಟರೆ ಹೋರಿ ಗೆದ್ದಿತು.

ಮತ್ತೆ ಆ ಹೋರಿ ಅಂದ್ರೆ ಸಾಮಾನ್ಯ ಅಂದ್ಕೋಬೇಡಿ. ಅದಕ್ಕೊಂದು ಬಿರುದು, ಅಭಿಮಾನಿಗಳು, ಬ್ಯಾನರ್, ಹೆಸರು ಬರೆಸಿದ ಟೀ ಶರ್ಟ್. ಪುನೀತ್ ರಾಜ್‌ಕುಮಾರ್ ಚಿತ್ರ ಹೊತ್ತು ಓಡುವ ಹೋರಿಗಳಿವೆ. ಅದಕ್ಕೆ ಹಿಂಡಿ, ಹುರುಳಿ ಇಟ್ಟು, ಕೆರೆಯಲ್ಲಿ ಈಜಿಸಿ, ಹೊಲದ ಕೆಲಸಕ್ಕೆ ಹೂಡದೆ ಸಾಕ್ತಾರೆ. ಸತ್ತರೆ ಊರಿನ ಹಿರಿಯರು ಸತ್ತಂಗೆ ಮೆರವಣಿಗೆ ಮಾಡಿ ಮಣ್ಣು ಮಾಡ್ತಾರೆ. ಇದನ್ನ ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಬರೀ ಕ್ರೌರ್ಯ ಅಂತ ಒಂದೇ ಪದದಲ್ಲಿ ಮುಗಿಸೋದು ಅನ್ಯಾಯ. ಒಂದು ವಿಷಯದಲ್ಲಂತೂ ಈ ಆಟ ಆ ಮೇಜಿನ ಆಟಕ್ಕೆ ಹತ್ತಿರ: ಇಲ್ಲಿ ಹೋರಿಯೂ ಒಂದು ಪಾತ್ರ. ಬಿರುದು ಇದೆ, ಪೋಷಾಕು ಇದೆ, ವರ್ಷದಿಂದ ವರ್ಷಕ್ಕೆ ಬೆಳೆಯುವ ಕತೆ ಇದೆ.

ಈ ಆಟಕ್ಕೂ ಹೊಸ ಆವೃತ್ತಿ ಬಂತು. ಬರೆದಿದ್ದು ಕಂಪನಿ ಅಲ್ಲ, ನ್ಯಾಯಾಲಯ ಮತ್ತು ಸರ್ಕಾರ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಕ್ಕೆ ತಡೆ ಹಾಕಿತು. ಆ ತೀರ್ಪಿನ ನೆರಳು ಕರಾವಳಿಯ ಕಂಬಳದ ಮೇಲೂ ಬಿತ್ತು, ನಮ್ಮ ಹೋರಿ ಹಬ್ಬದ ಮೇಲೂ ಬಿತ್ತು. 2017ರ ಜನವರಿಯಲ್ಲಿ ಚೆನ್ನೈನ ಮರೀನಾ ಬೀಚಿನಲ್ಲಿ ಯುವಕರು ಲಕ್ಷಗಟ್ಟಲೆ ಸೇರಿದರು. ಅದೇ ವರ್ಷ ನಮ್ಮ ವಿಧಾನಮಂಡಲವೂ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಎತ್ತಿನ ಓಟ, ಎತ್ತಿನ ಗಾಡಿ ಓಟಕ್ಕೆ ದಾರಿ ಮಾಡಿತು. ಷರತ್ತು: ಪ್ರಾಣಿಗೆ ಅನಗತ್ಯ ನೋವು ಆಗಬಾರದು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ತಿದ್ದುಪಡಿಗಳನ್ನ ಎತ್ತಿಹಿಡಿಯಿತು. ಜೊತೆಗೆ, ನಿಯಮ ಕಟ್ಟುನಿಟ್ಟಾಗಿ ಪಾಲನೆಯಾಗೋದಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರೇ ಹೊಣೆ ಅಂತ ಹೇಳಿತು. ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿ.

ಹೀಗೆ ಬಂದ ನಿಯಮಕ್ಕೆ ಹಳ್ಳಿಯ ಪ್ರತಿಕ್ರಿಯೆ ನೋಡಿ, ಅದೇ ನಾಲ್ಕು ಥರ. ಅನುಮತಿ ಪಡೆದು, ಬೇಲಿ ಕಟ್ಟಿ, ಆಂಬುಲೆನ್ಸ್ ತರಿಸಿ ನಡೆಸುವ ಸಮಿತಿಗಳಿವೆ. ನಮ್ಮ ಹಬ್ಬಕ್ಕೆ ಅನುಮತಿ ಕೊಡೋಕೆ ನೀವ್ಯಾರು ಅಂತ ಸಿಟ್ಟಾದವರಿದ್ದಾರೆ. ಯಾರಿಗೂ ಹೇಳದೆ ಊರ ಹೊರಗೆ ಹಳೇ ಪದ್ಧತಿಯಲ್ಲೇ ಓಡಿಸುವವರಿದ್ದಾರೆ. ಅರ್ಧ ನಿಯಮ ಪಾಲಿಸಿ, ಇನ್ನರ್ಧಕ್ಕೆ ಕಣ್ಣು ಮುಚ್ಚುವವರೂ ಇದ್ದಾರೆ.

ಸಿಟ್ಟಾದವರ ಮಾತಿನಲ್ಲಿ ನ್ಯಾಯ ಇದೆ, ಅದನ್ನ ಮೊದಲು ಒಪ್ಪೋಣ. ಆ ಅಮೆರಿಕದ ಕಂಪನಿ, ಲಾಭಕ್ಕೇ ಇರಲಿ, ಕರಡು ನಿಯಮ ಕೊಟ್ಟು ಆಡಿಸಿ ನೋಡಿ ಅಭಿಪ್ರಾಯ ಕೇಳಿತು. ಹೋರಿ ಕಟ್ಟುವ ರೈತನನ್ನ ಹಾಗೆ ಕೂರಿಸಿಕೊಂಡು, ದಾರಿ ಎಷ್ಟು ಅಗಲ ಇರಬೇಕು, ಬೇಲಿ ಎಷ್ಟೆತ್ತರ ಇರಬೇಕು, ಓಡಿ ಮುಗಿಸಿದ ಹೋರಿಯನ್ನ ಎಲ್ಲಿ ಹಿಡೀಬೇಕು ಅಂತ ಕೇಳಿ ನಿಯಮ ಬರೆಯೋ ಅಭ್ಯಾಸ ನಮ್ಮ ಆಡಳಿತಕ್ಕಿಲ್ಲ. ಹೋರಿಯ ಸ್ವಭಾವ ಅವನಿಗೆ ಗೊತ್ತು, ಕಡತಕ್ಕೆ ಗೊತ್ತಿಲ್ಲ. ಕೇಳದೆ ಹೇರಿದ ನಿಯಮಕ್ಕೆ ಜನ ಹಿಂಬಾಗಿಲು ಹುಡುಕ್ತಾರೆ. ಆ ಹಿಂಬಾಗಿಲಲ್ಲಿ ಆಂಬುಲೆನ್ಸ್ ಇರಲ್ಲ, ಪಶುವೈದ್ಯರು ಇರಲ್ಲ. ನಿಯಮ ಕಾಗದದಲ್ಲಿ ಗೆಲ್ಲುತ್ತೆ, ಹೊಲದಲ್ಲಿ ಹೆಣ ಬೀಳುತ್ತೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅದು ಓಲೈಕೆ ಆಗುತ್ತೆ. ಮೇಜಿನ ಆಟದವರು ಬಾಗಿಲು ಹಾಕಿಕೊಂಡು ಹಳೇ ನಿಯಮದಲ್ಲಿ ಆಡಬಹುದು ಅಂದೆ. ಯಾಕೆ ಆಡಬಹುದು? ಆ ಮೇಜಿನ ಸುತ್ತ ಕೂತ ಪ್ರತಿಯೊಬ್ಬರೂ ತಾವಾಗೇ ಬಂದು ಕೂತವರು. ಬೇಡ ಅನ್ನಿಸಿದರೆ ಎದ್ದು ಹೋಗಬಹುದು. ಅಲ್ಲಿ ಸಾಯೋದು ಕಾಗದದ ಮೇಲಿನ ಪಾತ್ರ. ದಾಳ ಕೆಳಗಿಟ್ಟು ಎಲ್ಲರೂ ಊಟಕ್ಕೆ ಹೋಗ್ತಾರೆ. ಹೋರಿ ಹಬ್ಬದಲ್ಲಿ ಹಾಗಲ್ಲ. ಅಲ್ಲಿ ಇಬ್ಬರು ಆಟಕ್ಕೆ ಒಪ್ಪಿಗೆ ಕೊಟ್ಟೇ ಇಲ್ಲ. ಒಬ್ಬರು, ಹೋರಿ. ಇನ್ನೊಬ್ಬರು, ದಾರಿಬದಿಯಲ್ಲಿ ನಿಂತ ಅಥವಾ ತನ್ನ ಪಾಡಿಗೆ ಸಂತೆಯಿಂದ ಮನೆಗೆ ಹೊರಟ ಮುದುಕ.

ದೀಪಾವಳಿ ಬಂದರೆ ಹಾವೇರಿ, ಶಿವಮೊಗ್ಗ ಜಿಲ್ಲೆಗಳಿಂದ ಹೋರಿ ತಿವಿದು ಜೀವ ಹೋದ ಸುದ್ದಿ ನಮ್ಮ ನ್ಯೂಸ್ ಡೆಸ್ಕಿಗೆ ಬರೋದು ಹೊಸದಲ್ಲ. ಗಮನಿಸಿ, ಸತ್ತವರಲ್ಲಿ ಕೊಬ್ಬರಿಗೆ ಕೈ ಹಾಕಿದವರಷ್ಟೇ ಇರೋದಿಲ್ಲ. ನೋಡೋಕೆ ಬಂದವರೂ ಇರ್ತಾರೆ. ನೋಡುವವನು ಆಟಗಾರ ಅಲ್ಲ. ಅವನ ಹೆಂಡತಿ ಮಕ್ಕಳು ಯಾವ ನಿಯಮಕ್ಕೂ ಸಹಿ ಹಾಕಿಲ್ಲ. ನಿಮ್ಮ ಹಳೇ ಆವೃತ್ತಿಯಲ್ಲಿ ಅವನಿಗೆ ಜಾಗ ಎಲ್ಲಿದೆ?

ಇನ್ನು ಹೋರಿ. 2014ರ ತೀರ್ಪಿನಲ್ಲಿ ಪ್ರಾಣಿಗಳ ಐದು ಸ್ವಾತಂತ್ರ್ಯಗಳ ಮಾತು ಬರುತ್ತೆ. ಹಸಿವಿನಿಂದ, ಅನನುಕೂಲದಿಂದ, ನೋವಿನಿಂದ, ಭಯದಿಂದ ಮುಕ್ತಿ, ಮತ್ತು ಸಹಜವಾಗಿ ನಡೆದುಕೊಳ್ಳುವ ಸ್ವಾತಂತ್ರ್ಯ. ಈಗ ನಮ್ಮ ಆಟಕ್ಕೆ ಪತ್ರಿಕೆಗಳಲ್ಲಿ, ಬ್ಯಾನರ್‌ಗಳಲ್ಲಿ ಬರೆಯೋ ಹೆಸರು ನೋಡಿ. "ಹೋರಿ ಬೆದರಿಸುವ ಸ್ಪರ್ಧೆ." ಭಯದಿಂದ ಮುಕ್ತಿ ಅಂತ ನ್ಯಾಯಾಲಯ ಹೇಳ್ತಿದೆ, ಬೆದರಿಸುವುದು ಅಂತ ನಾವೇ ದೊಡ್ಡಕ್ಷರದಲ್ಲಿ ಬರೆದು ಕಟ್ಟಿದ್ದೀವಿ. ಹಾಗಿದ್ದೂ, ನಾವು ಹೋರಿಯನ್ನ ಮಗನಂಗೆ ಸಾಕ್ತೀವಿ ಅಂತ ವಾದ ಮಾಡ್ತೀವಿ. ಸಾಕೋದು ನಿಜ, ನಾನು ಅಲ್ಲಗಳೆಯಲ್ಲ. ಹಾಗಾದರೆ ಮಗನನ್ನ ಬೆದರಿಸುವ ಸ್ಪರ್ಧೆ ಅಂತ ಯಾರಾದರೂ ಬ್ಯಾನರ್ ಕಟ್ತಾರಾ? ಹೋರಿ ಹಬ್ಬ ಅನ್ನೋ ಒಳ್ಳೇ ಹೆಸರು ಇದೆಯಲ್ಲ, ಅದನ್ನ ಉಳಿಸಿಕೊಳ್ಳಿ. ಹೆಸರಿಗೆ ತಕ್ಕ ಹಾಗೆ ಆಟ ತಿದ್ದಿಕೊಳ್ಳಿ.

ಸಂಪ್ರದಾಯ ತಿದ್ದಬಾರದು ಅಂತೀರಾ? ಈಗಾಗಲೇ ತಿದ್ದಿದ್ದೀರಿ. ಬೈಕ್ ಬಹುಮಾನ, ಫ್ರಿಜ್ ಬಹುಮಾನ, ಬಂಗಾರದ ಉಂಗುರ ಯಾವ ಹಳೇ ಆವೃತ್ತಿಯಲ್ಲಿತ್ತು? ಡಿಜೆ ಸದ್ದು ಯಾವ ಅಜ್ಜನ ಕಾಲದ್ದು? ಆಗ ದೀಪಾವಳಿಗೆ ಊರ ಎತ್ತು ಊರಲ್ಲೇ ಓಡುತ್ತಿತ್ತು. ಈಗ ಹಬ್ಬ ಮುಗಿದ ಮೇಲೂ ತಿಂಗಳುಗಟ್ಟಲೆ ಊರಿಂದ ಊರಿಗೆ ಗಾಡಿಯಲ್ಲಿ ಹೋರಿ ತಿರುಗಿಸ್ತಾರೆ. ಅಂದರೆ ನಿಮ್ಮದೇ ಹೊಸ ಆವೃತ್ತಿ ಬಂದು ಬಹಳ ದಿನ ಆಯ್ತು. ಬಹುಮಾನ ಹೆಚ್ಚು ಮಾಡೋಕೆ ನಿಯಮ ಬದಲಾಯಿಸಬಹುದು, ಜೀವ ಉಳಿಸೋಕೆ ಬದಲಾಯಿಸಬಾರದು ಅಂದ್ರೆ ಅದು ಸಂಪ್ರದಾಯದ ಮಾತಲ್ಲ.

ಹಾಗಾದರೆ ಏನು ಮಾಡಬೇಕು? ಆ ಮೇಜಿನ ಆಟಗಾರರಿಂದ ಎರಡು ವಿಷಯ ಕಲಿಯಬಹುದು. ಒಂದು, ಆಟ ಶುರುವಾಗೋ ಮೊದಲೇ ಎಲ್ಲರೂ ಕೂತು, ಈ ಆಟದಲ್ಲಿ ಏನು ನಡೀಬಹುದು, ಏನು ನಡೀಬಾರದು ಅಂತ ಮಾತಾಡಿಕೊಳ್ತಾರೆ. ದಾಳ ಮುಟ್ಟೋದು ಅದಾದ ಮೇಲೆ. ಎರಡು, ಕೆಲವು ಮೇಜುಗಳ ನಡುವೆ ಗುಣಿಸು ಚಿಹ್ನೆ ಬರೆದ ಒಂದು ಚೀಟಿ ಇಡ್ತಾರೆ. ಯಾರಿಗೇ ಸಂಕಟ ಆದರೂ ಅದನ್ನ ಮುಟ್ಟಿದರೆ ಸಾಕು. ಆ ಪ್ರಸಂಗ ಅಲ್ಲಿಗೆ ನಿಂತಿತು. ಯಾಕೆ ಅಂತ ಯಾರೂ ಕೇಳಂಗಿಲ್ಲ.

ನಮ್ಮ ಹೋರಿಗೆ ಚೀಟಿ ಮುಟ್ಟೋಕೆ ಕೈ ಇಲ್ಲ. ಅದರ ಪರವಾಗಿ ಮುಟ್ಟುವವರು ಬೇಕು. ಅಖಾಡದಲ್ಲಿ ಒಬ್ಬ ಪಶುವೈದ್ಯರು. ಅವರು "ಇವತ್ತು ಈ ಹೋರಿ ಓಡೋದು ಬೇಡ" ಅಂದರೆ ಮುಗೀತು. ಮಾಲೀಕ ಯಾರೇ ಇರಲಿ, ಅಭಿಮಾನಿಗಳು ಎಷ್ಟೇ ಇರಲಿ, ವೇದಿಕೆ ಮೇಲೆ ಯಾವ ಶಾಸಕರೇ ಕೂತಿರಲಿ. ಅದು ಮೊದಲ ನಿಯಮ.

ಎರಡನೇದು, ದಾರಿಯ ಎರಡೂ ಬದಿ ಗಟ್ಟಿ ಬೇಲಿ, ಬೇಲಿ ಒಳಗೆ ಹೆಸರು ಬರೆಸಿದವರು ಮಾತ್ರ. ಹದಿನೆಂಟು ತುಂಬದ ಹುಡುಗರಿಗೆ ಪ್ರವೇಶ ಇಲ್ಲ, ಕುಡಿದವರಿಗೆ ಇಲ್ಲ. ಮೂರನೇದು, ಹೋರಿ ಓಡಿ ಮುಗಿಸೋ ಜಾಗ. ಓಡಿದ ಹೋರಿ ಬಯಲಿಗೆ ಬಂದ ಕೂಡಲೇ ನಿಲ್ಲೋದಿಲ್ಲ, ಅದು ಅದೇ ರಭಸದಲ್ಲಿ ಮುಂದಕ್ಕೆ ನುಗ್ಗುತ್ತೆ. ಆ ಕೊನೆಯಲ್ಲಿ ರಸ್ತೆ ಇರಬಾರದು, ಅಂಗಡಿ ಇರಬಾರದು, ಜನ ಇರಬಾರದು. ಅಲ್ಲಿ ಮುಚ್ಚಿದ ದೊಡ್ಡ ಆವರಣ ಇರಬೇಕು. ನಾಲ್ಕನೇದು, ಒಂದು ಹೋರಿ ದಿನಕ್ಕೆ ಎಷ್ಟು ಸಲ ಓಡಬೇಕು, ಎರಡು ಹಬ್ಬಗಳ ನಡುವೆ ಎಷ್ಟು ದಿನ ವಿಶ್ರಾಂತಿ ಅನ್ನೋ ಲೆಕ್ಕ. ಐದನೇದು, ಬೇಲಿ ಒಳಗೆ ಇಳಿಯುವ ಪ್ರತಿ ಹುಡುಗನಿಗೂ ವಿಮೆ. ಫ್ರಿಜ್ ಬಹುಮಾನಕ್ಕೆ ದುಡ್ಡು ಸೇರಿಸುವ ಸಮಿತಿಗೆ ವಿಮೆಯ ಕಂತು ದೊಡ್ಡದೇನಲ್ಲ.

ಇದನ್ನ ಯಾರು ಬರೀಬೇಕು? ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಬ್ಬರೇ ಕೂತು ಬರೆಯೋದಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾಲ್ಕೂ ಕಡೆಯ ಹೋರಿ ಮಾಲೀಕರು, ಕೊಬ್ಬರಿ ಹರಿಯುವ ಹುಡುಗರು, ಪಶುವೈದ್ಯರು, ಪೊಲೀಸರು, ಹಿಂದೆ ಮನೆಯವರನ್ನ ಕಳಕೊಂಡ ಕುಟುಂಬದವರು ಒಂದೇ ಜಮಖಾನೆ ಮೇಲೆ ಕೂರಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯ ಇದೆ. ಇಡೀ ನಾಡಿನ ಜಾನಪದಕ್ಕಾಗಿ ಕಟ್ಟಿದ ವಿಶ್ವವಿದ್ಯಾಲಯ ನಿಮ್ಮ ಹೋರಿ ಓಡುವ ನೆಲದಲ್ಲೇ ಇದೆ. ಯಾವ ಊರಲ್ಲಿ ಯಾವ ಪದ್ಧತಿ ಇತ್ತು, ಯಾವುದು ನಿಜಕ್ಕೂ ಹಳೇದು, ಯಾವುದು ಮೊನ್ನೆ ಸೇರಿದ್ದು ಅಂತ ದಾಖಲಿಸೋ ಕೆಲಸ ಅವರು ಮಾಡಲಿ. ಸಭೆಗೆ ಜಾಗವನ್ನೂ ಅವರೇ ಕೊಡಲಿ.

ಕಾನೂನಿನ ದೃಷ್ಟಿಯಿಂದಲೂ ಇದೇ ಜಾಣತನ. 2023ರ ತೀರ್ಪು ಬಾಗಿಲು ತೆರೆದಿದೆ ನಿಜ, ಷರತ್ತಿನ ಮೇಲೆ ತೆರೆದಿದೆ. ಪ್ರತಿ ವರ್ಷ ಜೀವ ಹೋಗ್ತಾನೇ ಇದ್ದರೆ ಆ ಬಾಗಿಲು ಯಾವತ್ತು ಬೇಕಾದರೂ ಮುಚ್ಚಬಹುದು. ಆಗ ಹೊಸ ಆವೃತ್ತಿ ಬರೆಯೋಕೆ ನಿಮ್ಮನ್ನ ಯಾರೂ ಕರೆಯೋದಿಲ್ಲ.

ಅಮೆರಿಕದ ಆಟಗಾರರು ತಮ್ಮ ಆಟವನ್ನ ಕಂಪನಿಯ ಕೈಯಿಂದ ಹೇಗೆ ಉಳಿಸಿಕೊಂಡರು? ಬರೀ ಕೂಗಿ ಅಲ್ಲ. ನೂರಕ್ಕೆ 88 ಜನ ಒಂದೇ ಮಾತು ಹೇಳಿ, ಬರೆದು ಕೊಟ್ಟು, ಬೇಕಾದರೆ ನಮ್ಮ ನಿಯಮ ನಾವೇ ಬರಕೊಳ್ತೀವಿ ಅಂತ ತೋರಿಸಿ ಉಳಿಸಿಕೊಂಡರು. ನಿಯಮ ಬರೆಯೋ ಜವಾಬ್ದಾರಿ ಹೊತ್ತವರಿಗೇ ನಿಯಮದ ಮೇಲೆ ಹಕ್ಕು.

ಹೋರಿ ಕಟ್ಟುವ ಅಣ್ಣಂದಿರಿಗೆ, ತಮ್ಮಂದಿರಿಗೆ ನಾನು ಹೇಳೋದು ಇಷ್ಟೇ. ಹಬ್ಬ ನಿಮ್ಮದು, ಯಾರೂ ಕಸಿಯೋದು ಬೇಡ. ಆದರೆ ಈ ದೀಪಾವಳಿಗೆ ಅಖಾಡಕ್ಕೆ ಇಳಿಯೋ ಮೊದಲು ಊರ ಕಟ್ಟೆ ಮೇಲೆ ಒಂದು ಸಂಜೆ ಕೂತು ನಿಯಮ ಬರೀರಿ. ಕೊಬ್ಬರಿ ಹರಿದರೆ ಹುಡುಗ ಗೆದ್ದ, ಹರಿಯದಿದ್ದರೆ ಹೋರಿ ಗೆದ್ದಿತು ಅನ್ನೋದು ಹಳೇ ನಿಯಮ, ಅದು ಇರಲಿ. ಅದರ ಮೇಲೆ ಇನ್ನೊಂದು ಸಾಲು ಸೇರಿಸಿ: ಸಂಜೆಗೆ ಎಲ್ಲರೂ ಮನೆಗೆ ಹೋದರೆ ಮಾತ್ರ ಊರು ಗೆದ್ದಂಗೆ.